ಮೀನಿನ ಹಿಂಡಿಗೆ ಮುಂದಾಳು ಇರ್ತಾನಾ?

ತುಂಗೆದಡ | ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಇವತ್ತು ಮಗಳನ್ನು ಕರೆದುಕೊಂಡು ಶೃಂಗೇರಿಗೆ ಹೋಗಿದ್ದೆ. ದರ್ಶನ ಆದ ಮೇಲೆ ಎಂದಿನಂತೆ ತುಂಗೆಯ ಮೆಟ್ಟಿಲು ಇಳಿದೆವು. ಪುರಿ ಪೊಟ್ಟಣ ಬಿಚ್ಚುವ ಮೊದಲು ಸುಮ್ನೆ ಕೂತು ನೋಡೋಣ ಅಂತ ಕೂತೆವು.

ಮೀನುಗಳೆಲ್ಲ ನೀರು ಬರುವ ಕಡೆ ಮುಖ ಮಾಡಿ ನಿಂತಿದ್ದವು. ಬಾಲ ಮಾತ್ರ ಮೆಲ್ಲಗೆ ಆಡುತ್ತಿತ್ತು. ಮೆಟ್ಟಿಲ ಪಕ್ಕದಲ್ಲೇ ಬೆರಳುದ್ದದವು. ಅದರಾಚೆ ಮೊಳದುದ್ದದವು. ಇನ್ನೂ ಆಚೆ, ಹಸಿರು ನೀರಿನಲ್ಲಿ ಕಪ್ಪಗೆ ಕಾಣುವ ದೊಡ್ಡವು. ಅಷ್ಟರಲ್ಲಿ ಯಾರೋ ಛತ್ರಿ ಬಿಚ್ಚಿದರು. ಅದರ ನೆರಳು ನೀರಿಗೆ ಬಿದ್ದದ್ದೇ ತಡ, ನೂರಾರು ಮೀನು ಒಂದೇ ಸಲ ತಿರುಗಿದವು. ಒಂದಕ್ಕೊಂದು ಡಿಕ್ಕಿ ಇಲ್ಲ, ಗಲಿಬಿಲಿ ಇಲ್ಲ.

ಮಗಳು ಕೇಳಿದಳು, "ಅಪ್ಪಾ, ತಿರುಗಿ ಅಂತ ಹೇಳಿದ್ದು ಯಾರು?"

ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ವಿಷಯ. ಮೇಲ್ದುಟಿ ಸೀಳಿದ ಒಂದು ಮೀನಿದೆ. ಎರಡು ವರ್ಷದಲ್ಲಿ ಮೂರು ಸಲ ಹೋದಾಗಲೂ ಅದೇ ಎಡತುದಿಯ ಕಲ್ಲಿನ ಹತ್ತಿರ ಕಂಡಿದೆ. ಮೀನಿಗೆ ತನ್ನ ಜಾಗ, ತನ್ನ ಜೊತೆಯವರು ಅಂತ ಇರುತ್ತದಾ? ತಿಳಿದವರು ಹೇಳಿ.

ಮಲ್ಪೆಕಡಲು | 8:58

ಮುಂದಾಳು ಯಾರೂ ಇಲ್ಲ ಮಾರಾಯ್ರೆ. ನಮ್ಮದು ಮೂರು ತಲೆಮಾರಿನಿಂದ ಮೀನುಗಾರಿಕೆಯ ಮನೆ. ಬೂತಾಯಿ, ಬಂಗುಡೆ ಹಿಂಡು ನೋಡಿಯೇ ಹೇಳುತ್ತಿದ್ದೇನೆ. ಹಿಂಡು ಬಲಕ್ಕೆ ಹೋಗುವಾಗ ಮುಂದಿದ್ದ ಮೀನು, ಹಿಂಡು ತಿರುಗಿದ ಕೂಡಲೇ ಬದಿಗೆ ಬೀಳುತ್ತದೆ. ಇನ್ನೊಮ್ಮೆ ತಿರುಗಿದರೆ ಕೊನೆಗೆ. ಹಾಗಿರುವಾಗ ಮುಂದಾಳು ಅಂತ ಯಾರನ್ನು ಹೇಳುವುದು?

ನನ್ನ ಅಜ್ಜ ರಂಪಣಿ ಕಾಲದವರು, ಅಂದರೆ ದಡದಿಂದ ದೊಡ್ಡ ಬಲೆ ಎಳೆಯುತ್ತಿದ್ದ ಕಾಲ. ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಿದ್ದರು. ಆಕಾಶದಲ್ಲಿ ಮೋಡ ಇಲ್ಲದೆ ನೀರಿನಲ್ಲಿ ಮೋಡದ ನೆರಳು ಓಡಿದರೆ ಅದು ಬೂತಾಯಿ ಅಂತ ಲೆಕ್ಕ. ರಾತ್ರಿಯಾದರೆ ಹಿಂಡು ಹೋದ ದಾರಿ ಮಿಣಮಿಣ ಹೊಳೆಯುತ್ತಿತ್ತಂತೆ. ಅವರು ಒಂದು ಮಾತು ಹೇಳುತ್ತಿದ್ದರು. ಬಲೆಯಲ್ಲಿ ಒಂದು ಸಂದು ಬಿಟ್ಟರೆ ಕೆಟ್ಟಿತು. ಹತ್ತು ಮೀನು ಆ ಕಡೆ ಹೊರಟರೆ ಉಳಿದದ್ದೆಲ್ಲ ಅದರ ಹಿಂದೆಯೇ.

ಓದುಗಿ | 9:05

ಹಾಗಾದರೆ ಆ ಹತ್ತು ಮೀನೇ ಮುಂದಾಳು ಅಲ್ವಾ?

ಮಲ್ಪೆಕಡಲು | 9:07

ಆ ಹೊತ್ತಿಗೆ ಮಾತ್ರ ಅಕ್ಕ. ಮರುಗಳಿಗೆ ಅವು ಯಾರೋ, ಇವು ಯಾರೋ.

ಧಾರವಾಡದಮೇಷ್ಟ್ರು | 9:31

ಪ್ರಶ್ನೆ ಭಾಳ ಚಲೋ ಐತ್ರಿ. ಮೊದಲು ಒಂದು ಮಾತು ಬಿಡಿಸಿಕೊಳ್ಳೋಣ. ನಾವು ಎಲ್ಲದಕ್ಕೂ ಹಿಂಡು ಅಂತೀವಿ. ಆದರೆ ಅದರೊಳಗೆ ಎರಡು ಥರ ಇದೆ. ಒಂದು ಸಂತೆ, ಇನ್ನೊಂದು ದಿಂಡಿ, ಅಂದರೆ ಭಜನೆ ಮಾಡುತ್ತ ಸಾಗುವ ಭಕ್ತರ ಮೆರವಣಿಗೆ. ಸಂತೆಯಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಇರುತ್ತಾರೆ, ಮುಖ ಮಾತ್ರ ಬೇರೆ ಬೇರೆ ಕಡೆ. ದಿಂಡಿಯಲ್ಲಿ ಎಲ್ಲರ ಮುಖವೂ ಒಂದೇ ಕಡೆ, ಹೆಜ್ಜೆಯೂ ಒಂದೇ. ಪುರಿ ಬಿದ್ದಾಗ ಶೃಂಗೇರಿಯಲ್ಲಿ ಆಗುವುದು ಸಂತೆ. ಛತ್ರಿ ನೆರಳು ಬಿದ್ದಾಗ ಆದದ್ದು ದಿಂಡಿ. ಅದೇ ಮೀನು, ಗಳಿಗೆಯಲ್ಲಿ ಅದರಿಂದ ಇದಕ್ಕೆ ಬದಲಾಗುತ್ತದೆ.

ಇನ್ನು ತಿರುಗಿ ಅಂತ ಹೇಳಿದ್ದು ಯಾರು? ಪಕ್ಕದ ಮೀನು! ಪ್ರತಿ ಮೀನೂ ತನ್ನ ಅಕ್ಕಪಕ್ಕದ ಕೆಲವನ್ನಷ್ಟೇ ಗಮನಿಸುತ್ತದೆ. ತೀರಾ ಹತ್ತಿರ ಬಂದರೆ ಸರಿಯುವುದು, ದೂರ ಆದರೆ ಹತ್ತಿರ ಹೋಗುವುದು, ಅವು ತಿರುಗಿದತ್ತ ತಿರುಗುವುದು. ಇಷ್ಟೇ. ಈ ಸುದ್ದಿ ಅಲೆಯ ಹಾಗೆ ಹಿಂಡಿನ ತುಂಬ ಹರಿಯುತ್ತದೆ. ನಮ್ಮ ಕಣ್ಣಿಗೆ ಒಂದೇ ಸಲ ತಿರುಗಿದಂತೆ ಕಾಣುತ್ತದೆ.

ಇದಕ್ಕೆ ಕಣ್ಣೊಂದೇ ಸಾಕಾಗುವುದಿಲ್ಲ. ಪೇಟೆಯಿಂದ ರೋಹು ತಂದಾಗ ಮೈಮೇಲೆ ನೋಡಿ. ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಆ ಗೆರೆಯ ಹುರುಪೆಗಳನ್ನು ಹತ್ತಿರದಿಂದ ನೋಡಿದರೆ ಒಂದೊಂದರಲ್ಲೂ ಸೂಜಿಮೊನೆಯಷ್ಟು ತೂತು. ನೀರಿನ ಅಲುಗಾಟ ಮೀನಿಗೆ ಗೊತ್ತಾಗುವುದು ಅಲ್ಲಿಂದ. 1976ರಲ್ಲಿ ಪಿಚರ್, ಪಾರ್ಟ್ರಿಜ್, ವಾರ್ಡಲ್ ಎನ್ನುವವರು ಸೇತ್ ಎಂಬ ಮೀನಿನ ಕಣ್ಣು ಮುಚ್ಚಿ ಹಿಂಡಿಗೆ ಬಿಟ್ಟರು. ಅದು ಆಗಲೂ ಹಿಂಡಿನ ಜೊತೆ ಈಜಿತು. ಕಣ್ಣೂ ಮುಚ್ಚಿ, ಆ ಗೆರೆಯ ನರವನ್ನೂ ಕತ್ತರಿಸಿದಾಗ ಮಾತ್ರ ಹಿಂಡು ತಪ್ಪಿತು.

ತುಂಗೆದಡ | 9:44

ಸಂತೆ, ದಿಂಡಿ! ಮಗಳಿಗೆ ಹೀಗೇ ಹೇಳುತ್ತೇನೆ ಸರ್. ಈಗಷ್ಟೇ ಮಲಗಿದಳು.

ಗಾಜಿನತೊಟ್ಟಿ | 10:10

ನಾನು ಒಪ್ಪುವುದಿಲ್ಲ. ಯಜಮಾನಿಕೆ ಇಲ್ಲ ಅನ್ನುವುದು ಬೂತಾಯಿಗೆ ಸರಿ ಇರಬಹುದು. ಎಲ್ಲ ಮೀನಿಗೂ ಹಾಗೇ ಅಂದರೆ ತಪ್ಪಾಗುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಅಕ್ವೇರಿಯಂ ಇದೆ. ಆರು ಏಂಜೆಲ್ ಮೀನು ಬಿಟ್ಟರೆ ಒಂದು ವಾರದಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ತೀರ್ಮಾನ ಆಗಿರುತ್ತದೆ. ಊಟಕ್ಕೆ ಮೊದಲು ಬರುವುದು, ಮೂಲೆ ಹಿಡಿಯುವುದು, ಎಲ್ಲದಕ್ಕೂ ಸರದಿ ಇದೆ.

ಧಾರವಾಡದಮೇಷ್ಟ್ರು | 10:18

ತೊಟ್ಟಿಯಲ್ಲಿ ಓಡಿಹೋಗಲು ಜಾಗ ಇಲ್ಲ. ಅಲ್ಲಿನ ಜಗಳ ನೋಡಿ ಹೊಳೆಯ ಮೀನಿನ ಬಗ್ಗೆ ಹೇಳುವುದು ಬೇಡ. ಕಾಡಿನ ಆನೆಗೂ ಸರ್ಕಸ್ಸಿನ ಆನೆಗೂ ಇರುವಷ್ಟು ವ್ಯತ್ಯಾಸ ಇದೆ.

ಗಾಜಿನತೊಟ್ಟಿ | 10:36

ಸರಿ ಸರ್, ತೊಟ್ಟಿ ಬಿಡಿ. ಸಮುದ್ರಕ್ಕೇ ಹೋಗೋಣ. ಕ್ಲೌನ್ ಮೀನು ಗೊತ್ತಲ್ಲ, ಕಿತ್ತಳೆ ಮೈಗೆ ಬಿಳಿ ಪಟ್ಟಿ. ಅದು ಸೀ ಅನಿಮೋನಿ ಎನ್ನುವ, ಹೂವಿನ ಹಾಗೆ ಕಾಣುವ ಪ್ರಾಣಿಯ ಕುಚ್ಚಿನೊಳಗೆ ವಾಸ ಮಾಡುತ್ತದೆ. ಪಪುವಾ ನ್ಯೂಗಿನಿಯ ಸಮುದ್ರದಲ್ಲಿ ಪೀಟರ್ ಬಸ್ಟನ್ ಎಂಬುವವರು ಇವುಗಳ ಹಿಂದೆ ಬಿದ್ದಿದ್ದರು. ಒಂದು ಅನಿಮೋನಿಗೆ ಒಂದು ಗುಂಪು. ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಎರಡನೆಯದು ಅದರ ಗಂಡು. ಉಳಿದವು ಒಂದಕ್ಕಿಂತ ಒಂದು ಚಿಕ್ಕವು, ಮೆಟ್ಟಿಲು ಇಟ್ಟಂತೆ. ಅವು ಮರಿ ಮಾಡುವುದೇ ಇಲ್ಲ. ಸರದಿ ಕಾಯುತ್ತವೆ.

ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ಕೆಳಗಿನದು ತನ್ನ ಬೆಳವಣಿಗೆಯನ್ನೇ ತಡೆಹಿಡಿಯುತ್ತದೆ. ಮೇಲಿನದರ ಹತ್ತಿರ ಹತ್ತಿರ ಬೆಳೆದರೆ ಹೊರಗೆ ಅಟ್ಟುತ್ತವೆ. ಹೊರಗೆ ಹೋದರೆ ಸಾವು. ಹಾಗಾಗಿ ಚಿಕ್ಕದಾಗಿಯೇ ಉಳಿಯುತ್ತದೆ. 2003ರಲ್ಲಿ ಇದನ್ನು ಪ್ರಕಟಿಸಿದರು. ಇದು ಕಾಡಿನ ಮೀನು ಸರ್, ತೊಟ್ಟಿಯದಲ್ಲ.

ಓದುಗಿ | 10:41

ಅಂದರೆ ಅಮ್ಮನೇ ಯಜಮಾನಿ. ಮಕ್ಕಳೆಲ್ಲ ಅಮ್ಮನ ಜೊತೆ ಇರುತ್ತಾರೆ. ಎಷ್ಟು ಚಂದ!

ಗಾಜಿನತೊಟ್ಟಿ | 10:45

ಅಲ್ಲಿರುವ ಚಿಕ್ಕವು ಅವಳ ಮಕ್ಕಳಲ್ಲ ಮೇಡಂ. ಮೊಟ್ಟೆಯೊಡೆದ ಮರಿಗಳು ಕೆಲವು ದಿನ ಸಮುದ್ರದ ನೀರಿನಲ್ಲಿ ತೇಲಿಕೊಂಡು ಹೋಗಿ ಬೇರೆ ಎಲ್ಲೋ ನೆಲೆಯಾಗುತ್ತವೆ. ಗುಂಪಿನಲ್ಲಿ ಇರುವವರು ಒಬ್ಬರಿಗೊಬ್ಬರು ನೆಂಟರಲ್ಲ. ಹಾಸ್ಟೆಲಿನ ಸೀನಿಯರ್, ಜೂನಿಯರ್ ಇದ್ದಂತೆ. ಹೆಣ್ಣು ಸತ್ತರೆ ಅದರ ಗಂಡೇ ಹೆಣ್ಣಾಗುತ್ತದೆ. ಮೂರನೆಯದು ಗಂಡಿನ ಜಾಗಕ್ಕೆ ಬಡ್ತಿ ಪಡೆಯುತ್ತದೆ.

ಓದುಗಿ | 10:47

ಗಂಡು ಹೆಣ್ಣಾಗುತ್ತದಾ? ನಿಜವಾಗಿ?

ಕಡಲಾಚೆ | ಸೋಮವಾರ ಬೆಳಗ್ಗೆ 5:20

ನಿಜ ಅಕ್ಕ. ಹೆಣ್ಣು ಗಂಡಾಗುವ ಮೀನೂ ಇದೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ಈಗ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ಇದ್ದೇನೆ. ರಜೆ ಸಿಕ್ಕಿದರೆ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಮುಳುಗುವುದೇ ಕೆಲಸ.

ಇಲ್ಲಿ ಕ್ಲೀನರ್ ರಾಸ್ ಅಂತ ಒಂದು ಮೀನಿದೆ. ಬೆರಳುದ್ದ, ನೀಲಿ ಮೈಗೆ ಕಪ್ಪು ಪಟ್ಟಿ. ದೊಡ್ಡ ಮೀನುಗಳ ಮೈಮೇಲಿನ ಹುಳ ಕಿತ್ತು ತಿನ್ನುತ್ತದೆ. ಒಂದು ಗಂಡು, ಅದರ ಸುತ್ತ ನಾಲ್ಕೈದು ಹೆಣ್ಣು. ಹೆಣ್ಣುಗಳಲ್ಲೂ ಹಿರಿಯಳು, ಕಿರಿಯಳು ಇದ್ದಾರೆ. ಹೆರಾನ್ ದ್ವೀಪದಲ್ಲಿ ರಾಬರ್ಟ್‌ಸನ್ ಎಂಬುವವರು ಗಂಡನ್ನು ತೆಗೆದು ನೋಡಿದರು. ಎರಡು ಗಂಟೆಯೊಳಗೆ ಹಿರಿಯ ಹೆಣ್ಣು ಗಂಡಿನ ಹಾಗೆ ಗಸ್ತು ತಿರುಗಲು ಶುರು ಮಾಡಿತು. 14ರಿಂದ 18 ದಿನದಲ್ಲಿ ಅದರ ಮೈಯಲ್ಲಿ ವೀರ್ಯವೂ ತಯಾರಾಯಿತು. 1972ರಷ್ಟು ಹಿಂದೆಯೇ ಬಂದ ಕೆಲಸ ಇದು.

ಧಾರವಾಡದಮೇಷ್ಟ್ರು | 7:02

ಒಪ್ಪಿದೆ. ಗಾಜಿನತೊಟ್ಟಿಯವರ ಮಾತು ಸರಿ, ನಾನು ಅವಸರ ಮಾಡಿದೆ. ಮನೆ ಇರುವ ಮೀನಿಗೆ ಯಜಮಾನಿಕೆ ಇದೆ. ಅನಿಮೋನಿ, ಬಂಡೆ ಸಂದು, ಮೊಟ್ಟೆ ಇಟ್ಟ ಜಾಗ, ಹೀಗೆ ಕಾಯಲು ಏನಾದರೂ ಇದ್ದರೆ ಅಲ್ಲಿ ಮೇಲುಕೀಳು ಬರುತ್ತದೆ. ಮನೆ ಇಲ್ಲದ ಬೂತಾಯಿಗೆ ಅದರ ಅಗತ್ಯ ಇಲ್ಲ.

ಕೆರೆಏರಿ | 7:40

ನಮ್ಮ ಕಡೆ ಮೀನಿನ ಸಂಸಾರ ನೋಡಬೇಕು ಅಂದರೆ ಆಸ್ಟ್ರೇಲಿಯಾಗೆ ಹೋಗಬೇಕಾಗಿಲ್ಲ ಕಣ್ರೀ. ಮಂಡ್ಯದ ಯಾವ ಹಳೇ ಕೆರೆಗಾದರೂ ಬನ್ನಿ. ಕೊರವ ಮೀನು ತೋರಿಸ್ತೀನಿ.

ನಾನು ಹತ್ತು ವರ್ಷದವನಿದ್ದಾಗ ತಾತನ ಜೊತೆ ಏರಿ ಮೇಲೆ ಹೋಗುತ್ತಿದ್ದೆ. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಏನೋ ಕುದಿಯುತ್ತಿತ್ತು. ಮೊರದಗಲ. ಮಳೆಹನಿ ಬಿದ್ದಂತೆ ಚಿಟಪಟ ಅನ್ನುತ್ತಿತ್ತು. ಬಗ್ಗಿ ನೋಡಿದರೆ ಸಾವಿರಾರು ಮರಿ! ಕೊರವ ಮರಿ ಮೇಲೆ ಬಂದು ಗಾಳಿ ಕುಡಿಯಬೇಕು. ಎಲ್ಲವೂ ಒಟ್ಟಿಗೆ ಬರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅವುಗಳ ಕೆಳಗೆ ಅಪ್ಪ ಅಮ್ಮ ಎರಡೂ ಇರುತ್ತವೆ. ತಾತ ಒಂದು ಕಡ್ಡಿ ಹಾಕಿದರು. ನೀರು ಒಡೆದು ಇಷ್ಟು ದಪ್ಪ ತಲೆ ಮೇಲೆ ಬಂತು, ಕಡ್ಡಿ ಎರಡು ತುಂಡು. ನಾನು ಹೆದರಿ ಹಿಂದಕ್ಕೆ ಬಿದ್ದೆ.

ತಾತ ಹೇಳಿದ್ದು ಒಂದೇ ಮಾತು. ಮರಿ ಮೇಲಿರುವ ಕೊರವನಿಗೆ ಗಾಳ ಹಾಕಬಾರದು. ಈಗ ಹುಡುಗರು ಮರಿ ಹಿಂಡು ಹುಡುಕಿಕೊಂಡೇ ಬರುತ್ತಾರೆ. ಕಪ್ಪೆ ಆಕಾರದ ಗಾಳ ಮರಿಗಳ ಮಧ್ಯೆ ಎಳೆದರೆ ಅಪ್ಪನೋ ಅಮ್ಮನೋ ಸಿಟ್ಟಿಗೆ ಬಂದು ಕಚ್ಚುತ್ತದೆ. ಹಸಿವಿಗಲ್ಲ, ಮಕ್ಕಳನ್ನು ಕಾಯಲು ಕಚ್ಚುವುದು. ಹೋದ ವರ್ಷ ಒಂದು ಜೋಡಿಯನ್ನು ಹಾಗೆ ಎತ್ತಿದರು. ಎರಡು ದಿನ ಬಿಟ್ಟು ಹೋಗಿ ನೋಡಿದೆ. ಮೊರದಗಲ ಇದ್ದ ಹಿಂಡು ಅಂಗೈಯಗಲ ಆಗಿತ್ತು. ಸುತ್ತ ಜಿಲೇಬಿ ಮೀನು (ತಿಲಾಪಿಯಾ) ಓಡಾಡುತ್ತಿದ್ದವು. ನನಗೆ ಊಟ ಸೇರಲಿಲ್ಲ.

ಗಾಳದವ | 8:15

ಕೊರವ ತನ್ನ ಮರಿಯನ್ನೇ ತಿನ್ನುತ್ತದೆ. ಅದಕ್ಕೆ ಅಷ್ಟೊಂದು ಮರುಗಬೇಕಾ?

ಕೆರೆಏರಿ | 8:21

ಮರಿ ಚದುರಿ ಬೆಳೆದ ಮೇಲೆ ದೊಡ್ಡದು ಚಿಕ್ಕದನ್ನು ತಿನ್ನುತ್ತದೆ, ಇಲ್ಲ ಅನ್ನಲ್ಲ. ಕೆಂಪು ಇರುವವರೆಗೆ ಕಾಯುತ್ತದೆ. ವಾರಗಟ್ಟಲೆ ಕಾಯುತ್ತದೆ. ನಾನು ಕಣ್ಣಾರೆ ನೋಡಿದ್ದೀನಿ ಅಣ್ಣ.

ಗಾಳದವ | 8:30

ಸರಿ, ಅದನ್ನು ಒಪ್ಪಿಕೊಳ್ಳುತ್ತೇನೆ. ನಾನು ಮರಿ ಮೇಲಿನ ಮೀನು ಹಿಡಿದವನಲ್ಲ. ಒಂದು ಅನುಭವ ಹೇಳುತ್ತೇನೆ. ಗೆಂಡೆ ಹಿಡಿಯುವಾಗ ಗಾಯ ಆದದ್ದನ್ನು ಅಲ್ಲೇ ವಾಪಸ್ ಬಿಟ್ಟರೆ ಆ ಮಡುವಿನಲ್ಲಿ ಮುಂದೆ ಒಂದು ಗಂಟೆ ಏನೂ ಕಚ್ಚುವುದಿಲ್ಲ. ಅದು ಹೋಗಿ ಉಳಿದವಕ್ಕೆ ಹೇಳುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ಧಾರವಾಡದಮೇಷ್ಟ್ರು | 8:52

ಹಿರಿಯರ ಮಾತು ಹೆಚ್ಚುಕಡಿಮೆ ಸರಿ. ಬಾಯಲ್ಲಿ ಹೇಳುವುದಿಲ್ಲ, ಚರ್ಮ ಹೇಳುತ್ತದೆ. ಜೇನಿನ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ಇದನ್ನು ಬರೆದರು. ಗಾಯವಾದ ಮಿನ್ನೋ ಮೀನನ್ನು ಹಿಂಡಿಗೆ ಬಿಟ್ಟಾಗ ಉಳಿದವು ಬೆದರಿದವು. ಚರ್ಮ ಹರಿದಾಗ ಒಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆಗೆ ಉಳಿದವು ಗುಂಪು ಕಟ್ಟುತ್ತವೆ, ಇಲ್ಲ ಅಡಗುತ್ತವೆ. ಗೆಂಡೆ, ರೋಹು, ಶೃಂಗೇರಿಯ ಮಹಸೀರ್ ಎಲ್ಲವೂ ಮಿನ್ನೋ ವರ್ಗಕ್ಕೇ ಸೇರಿದವು.

ಮಲ್ಪೆಕಡಲು | 1:10

ಕೊರವನ ಸುದ್ದಿ ಓದಿ ನಮ್ಮ ತೇಡೆ ಮೀನು (ಕ್ಯಾಟ್‌ಫಿಶ್) ನೆನಪಾಯಿತು. ಕಡಲಿನ ತೇಡೆಯಲ್ಲಿ ಮೊಟ್ಟೆ ಕಾಯುವುದು ಅಪ್ಪ. ಅದೂ ಬಾಯೊಳಗೆ! ಗೋಲಿಯಷ್ಟು ದಪ್ಪ ಮೊಟ್ಟೆ. ಮರಿ ಆಗುವವರೆಗೆ ಆ ಗಂಡು ಏನೂ ತಿನ್ನುವುದಿಲ್ಲ. ಹಾಗೆ ಮೊಟ್ಟೆ ಕಚ್ಚಿಕೊಂಡ ಗಂಡುಗಳು ದೊಡ್ಡ ಹಿಂಡಾಗಿ ಇರುತ್ತಿದ್ದವು. ಎಪ್ಪತ್ತರ ದಶಕದ ಕೊನೆಗೆ ನಮ್ಮಲ್ಲಿ ಪರ್ಸಿನ್ ಬೋಟು ಬಂತು, ಹಿಂಡಿನ ಸುತ್ತ ಬಲೆ ಹಾಕಿ ಹಿಡಿಯುವಂಥದ್ದು. ಇಡೀ ಹಿಂಡು ಒಂದೇ ಬಲೆಗೆ. ಬಲೆ ಎತ್ತುವಾಗ ಮೀನು ಬಾಯಿ ಬಿಟ್ಟು ಮೊಟ್ಟೆ ಉದುರಿಸುತ್ತಿತ್ತು. ಡೆಕ್ಕಿನ ಮೇಲೆ ಕಾಲಿಟ್ಟರೆ ಮೊಟ್ಟೆ ಜಾರುತ್ತಿತ್ತು ಅಂತ ದೊಡ್ಡಪ್ಪ ಹೇಳುತ್ತಾರೆ. ಆಮೇಲೆ ತೇಡೆ ಬರುವುದು ತೀರಾ ಇಳಿಯಿತು. ಹೇಳಲು ನೋವಾಗುತ್ತದೆ. ನಮ್ಮ ಮನೆಯವರೂ ಆ ಬೋಟಿನಲ್ಲಿ ಇದ್ದರು.

ಓದುಗಿ | 1:22

ಓದಿ ಸುಮ್ಮನೆ ಕೂತೆ.

ಗಾಳದವ | 1:40

ಆಗ ಪರ್ಸಿನ್, ಈಗ ಲೈಟ್ ಫಿಶಿಂಗ್. 2017ರಲ್ಲಿ ಕೇಂದ್ರ ಸರ್ಕಾರವೇ ಎಲ್‌ಇಡಿ ಬೆಳಕಿನ ಮೀನುಗಾರಿಕೆ ನಿಷೇಧಿಸಿತು. ನಿಂತಿದೆಯಾ?

ಮಲ್ಪೆಕಡಲು | 1:48

ನಾಡದೋಣಿಯವರನ್ನು ಕೇಳಿದರೆ ಒಂದು ಉತ್ತರ, ಬೋಟಿನವರನ್ನು ಕೇಳಿದರೆ ಇನ್ನೊಂದು. ನಾನು ನೋಡಿದ್ದು ಇಷ್ಟು. ಬೆಳಕಿಗೆ ಮೊದಲು ಸಣ್ಣ ಜೀವಿಗಳು ಬರುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡ ಮೀನು. ಮರಿ, ದೊಡ್ಡದು, ಯಾವ ಜಾತಿ ಅಂತ ಇಲ್ಲ. ಎಲ್ಲ ಒಂದೇ ಬಲೆ.

ಓದುಗಿ | 2:05

ಅಂದ ಹಾಗೆ ಈ ವಾರ ಬಂಗುಡೆ ಕೆಜಿಗೆ ಎಷ್ಟು? ನಮ್ಮಲ್ಲಿ ಸಿಗುವುದೇ ಇಲ್ಲ.

ಮಲ್ಪೆಕಡಲು | 2:09

ಜೂನ್ 1ರಿಂದ ಎರಡು ತಿಂಗಳು ರಜೆ ಅಕ್ಕ, ಯಾಂತ್ರಿಕ ಬೋಟುಗಳೆಲ್ಲ ದಡಕ್ಕೆ. ಈಗಲೇ ತಗೊಳ್ಳಿ.

ನಿರ್ವಾಹಕ | 2:30

ಲೈಟ್ ಫಿಶಿಂಗ್ ಬಗ್ಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಹಿಂಡಿನ ಮಾತು ಮುಂದುವರಿಯಲಿ. ತುಂಗೆದಡ ಅವರ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಗಾಜಿನತೊಟ್ಟಿ | 7:25

ಜೊತೆಯವರ ಬಗ್ಗೆ ನಾನು ಹೇಳುತ್ತೇನೆ. ಗಪ್ಪಿ ಎಲ್ಲರಿಗೂ ಗೊತ್ತು. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮ ಹಳ್ಳಿಗಳ ಬಾವಿ, ತೊಟ್ಟಿಗೆ ಬಿಡುತ್ತಾರಲ್ಲ, ಅದೇ. ಅದರ ತವರು ಟ್ರಿನಿಡಾಡಿನ ಬೆಟ್ಟದ ಹಳ್ಳಗಳು ಮತ್ತು ಸುತ್ತಲಿನ ನಾಡು. ಅಲ್ಲಿ ಗಪ್ಪಿಯ ಗುಂಪು ನಿಮಿಷಕ್ಕೆ ಹಲವು ಸಲ ಒಡೆಯುತ್ತದೆ, ಕೂಡುತ್ತದೆ. ಗಂಡುಗಳು ಗುಂಪಿನಿಂದ ಗುಂಪಿಗೆ ಅಲೆಯುತ್ತವೆ. ಹೆಣ್ಣುಗಳು ಮಾತ್ರ ಗುರುತಿನವರ ಜೊತೆ ಇರಲು ನೋಡುತ್ತವೆ. ಹೊಸಬರ ಪರಿಚಯ ಆಗಲು ಹನ್ನೆರಡು ದಿನ ಬೇಕು ಅಂತ ಪ್ರಯೋಗದಲ್ಲಿ ಕಂಡಿದೆ. ಹನ್ನೆರಡು ದಿನದಲ್ಲಿ ಮುಖ ಗುರುತಿಸುವ ಬೆರಳುದ್ದದ ಮೀನು!

ಇನ್ನೊಂದು. ಜಲಪಾತದ ಮೇಲೆ ದೊಡ್ಡ ಶತ್ರು ಮೀನು ಇಲ್ಲ. ಅಲ್ಲಿನ ಗಪ್ಪಿಗಳು ಚದುರಿ ಇರುತ್ತವೆ. ಕೆಳಗೆ ಶತ್ರು ಜಾಸ್ತಿ, ಅಲ್ಲಿನವು ಒತ್ತೊತ್ತಾಗಿ ಇರುತ್ತವೆ. ಜಾತಿ ಒಂದೇ, ಹಳ್ಳವೂ ಒಂದೇ, ಬದುಕು ಬೇರೆ.

ಕಡಲಾಚೆ | ಮಂಗಳವಾರ ಬೆಳಗ್ಗೆ 5:05

ಇಲ್ಲಿ ರ‍್ಯಾಬಿಟ್ ಫಿಶ್ ಅಂತ ಇದೆ, ಪಾಚಿ ತಿನ್ನುವ ಮೀನು. ಹೆಚ್ಚಾಗಿ ಜೋಡಿ. ಒಂದು ತಲೆಕೆಳಗಾಗಿ ಬಂಡೆ ಸಂದಿಗೆ ಮೂತಿ ಹಾಕಿ ಮೇಯುತ್ತದೆ. ಆಗ ಅದಕ್ಕೆ ಏನೂ ಕಾಣಿಸುವುದಿಲ್ಲ. ಇನ್ನೊಂದು ಸ್ವಲ್ಪ ಮೇಲೆ, ತಲೆ ಎತ್ತಿ ಅಲುಗಾಡದೆ ನಿಂತು ಸುತ್ತ ನೋಡುತ್ತದೆ. ಸ್ವಲ್ಪ ಹೊತ್ತಿಗೆ ಇವು ಅದಲುಬದಲು. ಲಿಜರ್ಡ್ ದ್ವೀಪದಲ್ಲಿ ಇದನ್ನು ಅಧ್ಯಯನ ಮಾಡಿ 2015ರಲ್ಲಿ ಬರೆದರು. ಎಲ್ಲ ಜೋಡಿಯೂ ಗಂಡು ಹೆಣ್ಣಲ್ಲ. ಹಾಗಾಗಿ ಮರಿಗಾಗಿ ಮಾತ್ರ ಜೊತೆಗಿವೆ ಅನ್ನುವ ಹಾಗಿಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದ್ದೇನೆ. ಕಾವಲಿನದು ರೆಕ್ಕೆ ಅದುರಿಸಿದ ಕೂಡಲೇ ಮೇಯುತ್ತಿದ್ದದ್ದು ಸಂದಿಯಿಂದ ಹೊರಗೆ ಬಂತು.

ಗಾಳದವ | 7:30

ಅದನ್ನು ಸ್ನೇಹ ಅನ್ನುವುದು ನಮ್ಮ ಮನಸ್ಸಿನ ಮಾತು ಅನ್ನಿಸುತ್ತದೆ. ಎರಡೂ ತಮ್ಮ ಹೊಟ್ಟೆಪಾಡು ನೋಡಿಕೊಳ್ಳುತ್ತಿವೆ ಅಷ್ಟೇ.

ಧಾರವಾಡದಮೇಷ್ಟ್ರು | 8:20

ಈ ಜಗಳ ಹಳೆಯದು. 1987ರಲ್ಲಿ ಮಿಲಿನ್‌ಸ್ಕಿ ಎಂಬುವವರು ಸ್ಟಿಕಲ್‌ಬ್ಯಾಕ್ ಮೀನಿಗೆ ಕನ್ನಡಿ ಇಟ್ಟರು. ಮುಂದೆ ಶತ್ರು ಮೀನು. ಪಕ್ಕದ ಕನ್ನಡಿ ನೆಟ್ಟಗಿದ್ದರೆ ಜೊತೆಯವನು ಸಮಸಮಕ್ಕೆ ಬಂದಂತೆ ಕಾಣುತ್ತದೆ. ಓರೆ ಇಟ್ಟರೆ ಜೊತೆಯವನು ಹಿಂದೆ ಉಳಿದು ಕೈಕೊಟ್ಟಂತೆ. ಜೊತೆ ಇದ್ದಾಗ ಮೀನು ಶತ್ರುವಿನ ಹತ್ತಿರ ಹೆಚ್ಚು ಧೈರ್ಯದಿಂದ ಹೋಯಿತು. ಕೈಕೊಟ್ಟಾಗ ಹಿಂಜರಿಯಿತು. ಇದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅಂತ ಅವರು ಅಂದರು. ಅಲ್ಲ, ಮೀನಿಗೆ ಜೊತೆ ಬಿಟ್ಟು ಇರಲಾಗುವುದಿಲ್ಲ ಅಷ್ಟೇ ಅಂತ ಬೇರೆಯವರು. ನನ್ನ ಪ್ರಕಾರ ಸ್ನೇಹ ಅನ್ನುವ ಪದಕ್ಕೆ ಹೆದರಬೇಕಿಲ್ಲ. ಗುರುತು ಇದೆ, ಆಯ್ಕೆ ಇದೆ, ಕಾವಲು ಇದೆ. ಇನ್ನೇನು ಬೇಕು?

ಹೊಸನಗರದಅಕ್ಕ | 11:15

ಮೊದಲ ಸಲ ಬರೆಯುತ್ತಿದ್ದೇನೆ. ಎಲ್ಲರ ಮಾತೂ ಓದಿದೆ. ನನಗೆ ಕೇಳಬೇಕಾದ್ದು ಹತ್ತುಮೀನಿನ ಬಗ್ಗೆ.

ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾದ ರಾತ್ರಿ ಮೀನು ಹಳ್ಳ ಹತ್ತುತ್ತದೆ. ನಮ್ಮ ಗದ್ದೆ ಕೋಡಿಯಲ್ಲಿ ಬ್ಯಾಟರಿ ಬಿಟ್ಟು ನೋಡಿದರೆ ಬೆನ್ನು ನೀರಿನ ಮೇಲೆ, ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು ಹತ್ತುತ್ತಿರುತ್ತವೆ. ಹೊಟ್ಟೆ ತುಂಬ ಮೊಟ್ಟೆ. ವರ್ಷವೂ ಅದೇ ಹಳ್ಳ, ಅದೇ ಕೋಡಿ. ಪಕ್ಕದ ಹಳ್ಳದಲ್ಲೂ ಅಷ್ಟೇ ನೀರಿದೆ, ಅಲ್ಲಿಗೆ ಹೋಗುವುದಿಲ್ಲ. ದಾರಿ ತೋರಿಸುವವರು ಯಾರು? ಮುಂದಾಳು ಇಲ್ಲ ಅಂದಿರಲ್ಲ, ಅದಕ್ಕೆ ಕೇಳಿದೆ.

ಮಾವನ ಕಾಲದಲ್ಲಿ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಾಕುತ್ತಿದ್ದರು. ಸಿಕ್ಕಿದಷ್ಟು ಸಿಕ್ಕಿತು, ಉಳಿದದ್ದು ಮೇಲೆ ಹೋಯಿತು. ಈಗ ಕರೆಂಟು ಬಿಡುತ್ತಾರೆ. ಮೂರು ವರ್ಷದ ಹಿಂದೆ ನಮ್ಮ ಹಳ್ಳಕ್ಕೂ ಯಾರೋ ಬಿಟ್ಟರು. ಆಮೇಲಿನಿಂದ ಹತ್ತುಮೀನು ಬಂದೇ ಇಲ್ಲ. ಹೊಳೆಯಲ್ಲಿ ಮೀನು ಇದೆ. ನಮ್ಮ ಹಳ್ಳಕ್ಕೆ ಬರುವುದನ್ನು ಮರೆತಿವೆ.

ಧಾರವಾಡದಮೇಷ್ಟ್ರು | 12:40

ಅಕ್ಕಾವರ, ನೀವು ಕೇಳಿದ್ದೇ ಈ ಇಡೀ ಚರ್ಚೆಯ ತಿರುಳು. ಮರೆತಿವೆ ಅಂದಿರಲ್ಲ, ಆ ಪದ ಸರಿಯಾಗಿದೆ.

ಕೆರಿಬಿಯನ್ ಸಮುದ್ರದಲ್ಲಿ, ಪನಾಮದ ಹತ್ತಿರ, ಬ್ಲೂಹೆಡ್ ರಾಸ್ ಎನ್ನುವ ಮೀನು ಜೊತೆಗೂಡಿ ಮೊಟ್ಟೆ ಬಿಡಲು ಹವಳದ ಬಂಡೆಯ ಕೆಲವೇ ಜಾಗಗಳಿಗೆ ಹೋಗುತ್ತದೆ. ರಾಬರ್ಟ್ ವಾರ್ನರ್ ಹನ್ನೆರಡು ವರ್ಷ ನೋಡಿದರು. ಮೀನುಗಳ ತಲೆಮಾರು ಬದಲಾದರೂ ಜಾಗ ಬದಲಾಗಲಿಲ್ಲ. ಆ ಜಾಗವೇ ಶ್ರೇಷ್ಠ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅವರು ಒಂದು ಬಂಡೆಯ ಎಲ್ಲ ಮೀನುಗಳನ್ನೂ ತೆಗೆದು, ಬೇರೆ ಕಡೆಯ ಮೀನುಗಳನ್ನು ಅಲ್ಲಿ ಬಿಟ್ಟರು. ಹೊಸಬರು ಬೇರೆಯೇ ಜಾಗಗಳನ್ನು ಆರಿಸಿಕೊಂಡವು. ಮುಂದೆ ಅದಕ್ಕೇ ಅಂಟಿಕೊಂಡವು. ಅಂದರೆ ಆ ಜಾಗ ಬಂಡೆಯ ಗುಣವಲ್ಲ, ಹಿರಿಯರಿಂದ ಕಿರಿಯರಿಗೆ ಬಂದ ರೂಢಿ. 1988ರಲ್ಲಿ ಇದು ಪ್ರಕಟವಾಯಿತು.

ಅದಕ್ಕೂ ಮೊದಲು, 1984ರಲ್ಲಿ, ಸೇಂಟ್ ಕ್ರಾಯ್ ದ್ವೀಪದಲ್ಲಿ ಫ್ರೆಂಚ್ ಗ್ರಂಟ್ ಮೀನಿನ ಮೇಲೆ ಒಂದು ಪ್ರಯೋಗ. ಅವು ಸಂಜೆ ಬಂಡೆ ಬಿಟ್ಟು ಮೇಯಲು ಹೋಗುತ್ತವೆ, ದಿನವೂ ಒಂದೇ ದಾರಿ. ಹೊಸ ಮೀನು ಬಿಟ್ಟರೆ ಅವು ಹಳಬರ ಹಿಂದೆ ಹೋಗಿ ದಾರಿ ಕಲಿತವು. ಆಮೇಲೆ ಹಳಬರನ್ನು ತೆಗೆದರೂ ಹೊಸಬರು ಅದೇ ದಾರಿಯಲ್ಲಿ ಹೋದವು.

ಇನ್ನು ಮಲ್ಪೆಯವರ ಅಜ್ಜ ಹೇಳಿದ ಹತ್ತು ಮೀನು. 2005ರಲ್ಲಿ ಇಯಾನ್ ಕಝಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ದಾರಿ ಗೊತ್ತಿರುವವರು ಕೆಲವೇ ಕೆಲವರಿದ್ದರೂ ಇಡೀ ಗುಂಪು ಸರಿಯಾದ ಕಡೆ ಹೋಗುತ್ತದೆ. ಅವರು ಯಾರು ಅಂತ ಉಳಿದವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಗುಂಪು ದೊಡ್ಡದಾದಷ್ಟೂ ಬೇಕಾಗುವ ದಾರಿಬಲ್ಲವರ ಪಾಲು ಕಡಿಮೆ. ಅದಕ್ಕೇ ನಾನು ಈಗ ಹೇಳುವುದು, ಹಿಂಡಿಗೆ ಯಜಮಾನ ಇಲ್ಲದಿರಬಹುದು. ಬಲ್ಲವರು ಇದ್ದಾರೆ. ನಿಮ್ಮ ಹಳ್ಳದಲ್ಲಿ ಏನಾಯಿತು ಅಂತ ಯಾರೂ ಅಳೆದು ನೋಡಿಲ್ಲ. ಆದರೆ ಆ ರಾತ್ರಿ ಸತ್ತದ್ದು ದಾರಿ ಬಲ್ಲ ದೊಡ್ಡ ಮೀನುಗಳು ಅನ್ನುವುದು ನನ್ನ ಅನಿಸಿಕೆ.

ಮಲ್ಪೆಕಡಲು | 12:58

ಅಜ್ಜ ಇರಬೇಕಿತ್ತು ಇದನ್ನು ಓದಲು.

ಕೆರೆಏರಿ | 1:15

ನಾವು ಯಾವಾಗಲೂ ದೊಡ್ಡದನ್ನೇ ಹುಡುಕಿ ಹಿಡಿಯುವುದು. ಚಿಕ್ಕದನ್ನು ಬಿಟ್ಟರೆ ಧರ್ಮ ಅಂದುಕೊಂಡಿದ್ದೆ. ದೊಡ್ಡದನ್ನೂ ಒಂದೆರಡು ಬಿಡಬೇಕು ಅನ್ನಿಸುತ್ತಿದೆ.

ಗಾಳದವ | 1:32

ನಾನು ಬಿಡುತ್ತೇನೆ. ಈ ಮಳೆಗಾಲದಿಂದ ಹೊಟ್ಟೆ ತುಂಬಿದ್ದು ಸಿಕ್ಕರೆ ವಾಪಸ್.

ಹೊಸನಗರದಅಕ್ಕ | 2:10

ಉತ್ತರಕ್ಕೆ ತುಂಬ ಥ್ಯಾಂಕ್ಸ್ ಸರ್. ಹಾಗಾದರೆ ಒಂದಷ್ಟು ಮೀನು ಹೇಗೋ ಒಮ್ಮೆ ಹತ್ತಿದರೆ ಮತ್ತೆ ರೂಢಿ ಆಗಬಹುದಾ?

ಧಾರವಾಡದಮೇಷ್ಟ್ರು | 2:25

ಪನಾಮದ ಮೀನುಗಳು ಹೊಸ ಜಾಗ ಹುಡುಕಿಕೊಂಡು ಅದನ್ನು ರೂಢಿ ಮಾಡಿಕೊಂಡವಲ್ಲ. ಆಗಬಹುದು. ಹಳ್ಳಕ್ಕೆ ಕರೆಂಟು ಬೀಳದಂತೆ ಮಾತ್ರ ಊರವರು ನೋಡಿಕೊಳ್ಳಬೇಕು.

ಹೊಸನಗರದಅಕ್ಕ | 2:31

ನಾಲ್ಕು ಮನೆಯವರು ಮಾತಾಡಿದ್ದೇವೆ. ಮೊದಲ ಮಳೆಯ ರಾತ್ರಿ ಕೋಡಿ ಹತ್ತಿರ ಸರದಿ ಮೇಲೆ ಇರುತ್ತೇವೆ.

ತುಂಗೆದಡ | ಭಾನುವಾರ ಸಂಜೆ 6:50

ಎಲ್ಲರಿಗೂ ವಂದನೆ. ಇವತ್ತು ಮತ್ತೆ ಹೋಗಿದ್ದೆವು. ಈ ಸಲ ಪುರಿ ತೆಗೆದುಕೊಳ್ಳಲಿಲ್ಲ. ಸೇತುವೆ ಮೇಲೆ ಅರ್ಧ ಗಂಟೆ ನಿಂತು ನೋಡಿದೆವು. ಮಗಳು ನೋಟ್ ಪುಸ್ತಕ ತಂದಿದ್ದಳು. ಅವಳು ಬರೆದದ್ದು ಹೀಗಿದೆ:

"ಚಿಕ್ಕವು ಚಿಕ್ಕವರ ಜೊತೆ. ದೊಡ್ಡವು ದೊಡ್ಡವರ ಜೊತೆ. ಪುರಿ ಬಿದ್ದರೆ ಸಂತೆ. ಗಿಡುಗ ಬಂದರೆ ದಿಂಡಿ. ತುಟಿ ಹರಿದ ಮೀನು ಕಲ್ಲಿನ ಹತ್ತಿರ ಇದೆ. ಅದರ ಪಕ್ಕ ಇನ್ನೊಂದು ಇದೆ. ಅದರ ಬೆನ್ನ ಮೇಲೆ ಬಿಳಿ ಚುಕ್ಕೆ."

ಬಿಳಿ ಚುಕ್ಕೆಯದನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಎರಡೂ ಮೂರು ಸಲ ಆಚೆ ಹೋಗಿ, ಮೂರು ಸಲವೂ ಅದೇ ಕಲ್ಲಿಗೆ ಬಂದವು.

ಗಾಜಿನತೊಟ್ಟಿ | 7:02

ಒಂದೇ ಗಾತ್ರದವು ಒಟ್ಟಿಗೆ ಇರುವುದನ್ನು ಮಗು ಸರಿಯಾಗಿ ಹಿಡಿದಿದ್ದಾಳೆ. ಗುಂಪಿನಲ್ಲಿ ಬೇರೆ ಥರ ಕಾಣುವ ಮೀನಿನ ಮೇಲೆ ಶತ್ರುವಿನ ಕಣ್ಣು ಮೊದಲು ಬೀಳುತ್ತದೆ. ಅದಕ್ಕೇ ತನ್ನ ಅಳತೆಯವರನ್ನು ಹುಡುಕಿಕೊಳ್ಳುತ್ತವೆ.

ಓದುಗಿ | 7:10

ಆ ಎರಡು ಮೀನಿನ ಫೋಟೋ ಇದೆಯಾ?

ತುಂಗೆದಡ | 7:18

ನೀರು ಆಗಲೇ ಸ್ವಲ್ಪ ಕದಡಿದೆ, ಫೋಟೋದಲ್ಲಿ ಸರಿ ಬಂದಿಲ್ಲ. ಮೇಲೆ ಕೆರೆಕಟ್ಟೆ ಕಡೆ ಮಳೆಯಾಗಿದೆಯಂತೆ. ಇನ್ನು ನೀರು ಏರಿದರೆ ಮೆಟ್ಟಿಲು ಮುಳುಗುತ್ತದೆ. ಅಕ್ಟೋಬರಿನಲ್ಲಿ ನೀರು ತಿಳಿಯಾದ ಮೇಲೆ ಹೋಗಿ ಎಡತುದಿಯ ಕಲ್ಲು ನೋಡುತ್ತೇವೆ. ಎರಡೂ ಅಲ್ಲೇ ಇದ್ದರೆ ಅದೇ ದಿನ ಇಲ್ಲಿ ಹಾಕುತ್ತೇನೆ.

ಹೊಸನಗರದಅಕ್ಕ | 7:25

ನಮ್ಮಲ್ಲೂ ಗುಡುಗು ಶುರುವಾಗಿದೆ. ಬ್ಯಾಟರಿ ಚಾರ್ಜಿಗೆ ಇಟ್ಟಿದ್ದೇನೆ.